ಅವ್ವ ಹುಣಸೆಹಣ್ಣು ಹಚ್ಚಿ ತೊಳೆದ ಯುದ್ಧದ ಹಡಗು

ನಾನು ಸಿಡುಕಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಡತ ನೋಡಿಕೊಳ್ಳುತ್ತಿದ್ದೇನೆ. ನನ್ನ ಮೇಜಿನ ಮೇಲಿನ ಪೆನ್ನನ್ನು ಯಾರಾದರೂ ಎತ್ತಿಕೊಂಡು ಹೋದರೆ ಡ್ಯಾಮಿನ ಆಚೆ ದಡಕ್ಕೆ ಕೇಳುವಂತೆ ಕೂಗಾಡುತ್ತೇನಂತೆ. "ಈಕಿಗೆ ಸಿಟ್ಟು ಮೂಗಿನ ಮ್ಯಾಲ ಕುಂತಿರತೈತಿ, ಇಳಿಯೂದ ಇಲ್ಲ" ಎಂದು ಅವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಕಾಲೊನಿಯ ನಮ್ಮ ಕ್ವಾರ್ಟರ್ಸಿನಲ್ಲಿ ಇರುವವರು ನಾವು ಮೂವರು: ನಾನು, ಅವ್ವ, ಅಪ್ಪ. ಹೋದ ವರ್ಷ ಶ್ರಾವಣದಲ್ಲಿ ನಾಲ್ಕನೆಯದಾಗಿ ಒಂದು ಹಡಗು ಬಂತು.

ಅಪ್ಪ ಯಲಬುರ್ಗಾ ಕಡೆಯ ಎರೆಹೊಲದವನು. ನಮ್ಮೂರಿನಲ್ಲಿ ಮಳೆಗಾಲದಲ್ಲೂ ಹಳ್ಳ ದಾಟುವಾಗ ಚಪ್ಪಲಿ ಕಳಚುವ ಪ್ರಸಂಗ ಬರುವುದಿಲ್ಲ. ಅಂಥ ಊರಿನವನು ನೌಕಾಪಡೆಗೆ ಸೇರಿದ್ದು ಹೇಗೆ ಎಂದು ಕೇಳಿದರೆ ಅಪ್ಪ ಇವತ್ತಿಗೂ ಒಂದೇ ಉತ್ತರ ಕೊಡುತ್ತಾನೆ: "ನೆರಳ ಇತ್ತು." ಸೈನ್ಯದ ಭರ್ತಿಗೆ ಹೋದಾಗ ಮೈದಾನದಲ್ಲಿ ಎರಡು ಸಾಲುಗಳಿದ್ದವಂತೆ. ಒಂದು ಸುಡುಬಿಸಿಲಿನಲ್ಲಿ, ಇನ್ನೊಂದು ಬೇವಿನ ಮರದ ಕೆಳಗೆ. ಅಪ್ಪ ಬೇವಿನ ಮರದ ಸಾಲಿನಲ್ಲಿ ನಿಂತ. ಅದು ಹಡಗಿನವರ ಸಾಲು ಎಂದು ಗೊತ್ತಾಗುವ ಹೊತ್ತಿಗೆ ಎದೆಯ ಅಳತೆ ಮುಗಿದು ಹೆಸರು ಬರೆದುಕೊಂಡಾಗಿತ್ತು. ಅವನ ಮುಂದೆ ನಿಂತಿದ್ದ ಗಂಗಾವತಿಯವನೂ ನೆರಳಿಗಾಗಿಯೇ ಅಲ್ಲಿಗೆ ಬಂದವನು. ಸಮುದ್ರವನ್ನೇ ನೋಡದ ಇಬ್ಬರೂ ಒಂದೇ ಹಡಗಿನ ಬಾಯ್ಲರ್ ಕೋಣೆಗೆ ಹೋಗಿ ಬಿದ್ದರು.

ಅದು ದೊಡ್ಡ ಹಡಗುಗಳ ಜೊತೆಗೆ ಕಾವಲಾಗಿ ಹೋಗುವ ಬೆಂಗಾವಲು ಹಡಗು. ಎಪ್ಪತ್ತೊಂದರ ಯುದ್ಧದಲ್ಲಿ ಇವರಿಬ್ಬರೂ ಅದರ ಹೊಟ್ಟೆಯಲ್ಲಿದ್ದರು. "ಲಡಾಯಿ ಹೆಂಗಿತ್ತಪಾ?" ಎಂದು ಊರಿನವರು ಕೇಳಿದರೆ "ಸೆಕಿ ಭಾಳ ಇತ್ತು" ಎನ್ನುವುದು ಬಿಟ್ಟು ಅಪ್ಪನ ಬಾಯಲ್ಲಿ ಬೇರೆ ಮಾತಿಲ್ಲ. ಮೇಲೆ ತೋಪು ಹಾರಿದ್ದನ್ನು ಅವನು ನೋಡಿಲ್ಲ, ಕಾಲ ಕೆಳಗಿನ ಕಬ್ಬಿಣ ನಡುಗಿದ್ದು ಮಾತ್ರ ಗೊತ್ತು. ಅಷ್ಟು ದೊಡ್ಡ ಯುದ್ಧಕ್ಕೆ ಹೋಗಿ ಬಂದು ಸೆಕೆಯ ಕಥೆ ಹೇಳುವವನನ್ನು ಊರು ಸುಮ್ಮನೆ ಬಿಟ್ಟೀತೇ? ಯಾರ ಮನೆಯಲ್ಲಿ ಒಲೆ ಸರಿಯಾಗಿ ಉರಿಯದಿದ್ದರೂ "ಹಡಗಿನಾಂವನ್ನ ಕರೀರಿ" ಎಂದು ಕಾಡುತ್ತಿದ್ದರು.

ಆ ಗಂಗಾವತಿಯ ಗೆಳೆಯನನ್ನು ನಾನು ಚಾಚಾ ಎಂದು ಕರೆಯುತ್ತಾ ಬೆಳೆದವಳು. ನೌಕರಿ ಮುಗಿಸಿ ಬಂದ ಮೇಲೆ ಚಾಚಾ ಗಂಗಾವತಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟರು. ಪ್ರತಿ ಬುಧವಾರ ಬಸ್ಸು ಹತ್ತಿ ನಮ್ಮ ಮನೆಗೆ ಬರುವುದು, ಅವ್ವ ಬಡಿದ ರೊಟ್ಟಿ ತಿನ್ನುವುದು, ಅಪ್ಪನ ಜೊತೆ ಡ್ಯಾಮಿನ ತನಕ ನಡೆದು ನೀರು ನೋಡಿ ಬರುವುದು. ಮದುವೆ ಇರಲಿ, ಮಳೆ ಬರಲಿ, ಬುಧವಾರ ತಪ್ಪುತ್ತಿರಲಿಲ್ಲ. ಹಡಗು ಬರುವುದಕ್ಕೆ ಎರಡು ವರ್ಷ ಮೊದಲು ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆದುಕೊಂಡಿತು. ಅವತ್ತಿನಿಂದ ಚಾಚಾ ಹೊಸ್ತಿಲು ದಾಟಲಿಲ್ಲ. ಅಪ್ಪನೇ ಗಂಗಾವತಿಗೆ ಹೋದರೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. "ನೋಡಾಕ ಏನ ಉಳದೈತಿ ದೋಸ್ತ, ನೀ ಹೋಗು" ಎನ್ನುತ್ತಿದ್ದರಂತೆ. ಅಪ್ಪ ಬುಧವಾರ ಒಬ್ಬನೇ ಡ್ಯಾಮಿನ ಕಡೆ ಹೊರಟು ಅರ್ಧ ದಾರಿಗೇ ವಾಪಸು ಬರತೊಡಗಿದ.

ಅವನ ಸಪ್ಪೆ ಮುಖ ನೋಡಲಾಗದೆ ಒಂದು ದಿನ ಮೊಬೈಲಿನಲ್ಲಿ ಹುಡುಕಲು ಕೂತೆ. ಅಪ್ಪನ ಹಡಗಿನ ಜಾತಿಯದೇ ಒಂದು ಹಡಗಿನ ಮಾದರಿ ಸಿಕ್ಕಿತು. ಆಟಿಕೆ ಅಲ್ಲ, ಸಂಗ್ರಹ ಮಾಡುವವರಿಗೆಂದು ಕೆಲವೇ ಕೆಲವು ತಯಾರಿಸಿದ್ದು. ನಿಜದ ಹಡಗಿನ ಇನ್ನೂರನೆಯ ಒಂದು ಪಾಲು ಅಳತೆ. ಮೊಳಕ್ಕಿಂತ ತುಸು ಉದ್ದ. ಲೋಹದ ಒಡಲು, ಮೇಲೆಲ್ಲ ಬೂದು ಬಣ್ಣ, ನೀರಿನೊಳಗಿರುವ ಭಾಗಕ್ಕೆ ಕೆಂಪು. ಅಂಚಿಗೆ ಕೂದಲಿನಷ್ಟು ಸಣ್ಣ ಕಟಾಂಜನ, ಚಿಮಣಿಯ ಹಿಂದೆ ಕಡ್ಡಿಯಂಥ ಕೂವೆಕಂಬ, ಬೆಂಕಿಕಡ್ಡಿಗಿಂತ ತೆಳ್ಳಗಿನ ತೋಪುಗಳು. ಹಿಂದೆ ಥಳಥಳ ಹೊಳೆಯುವ ಹಿತ್ತಾಳೆಯ ಎರಡು ಪಂಖ. ಜೊತೆಗೆ ನಂಬರು ಬರೆದ ಪ್ರಮಾಣಪತ್ರ, ಮುಟ್ಟುವಾಗ ಹಾಕಿಕೊಳ್ಳಲು ಬಿಳಿ ಕೈಗವಸು.

ಆ ಕೈಗವಸು ನೋಡಿದ್ದೇ ನನ್ನ ತಲೆ ಕೆಟ್ಟಿತು. ಅಪ್ಪನಿಗೆಂದು ತರಿಸಿದ ಹಡಗನ್ನು ಗಾಜಿನ ಷೋಕೇಸಿನಲ್ಲಿಟ್ಟು ಕೀಲಿ ಹಾಕಿದೆ. ಅಪ್ಪ ಬೆರಳು ಚಾಚಿದರೆ "ಅಪ್ಪಾ, ಎಣ್ಣಿ ಕೈ!" ಎಂದು ಚೀರುತ್ತಿದ್ದೆ. ಪಾಪ, ಅವನು ಕುರ್ಚಿ ಎಳೆದುಕೊಂಡು ಗಾಜಿನ ಈಚೆ ಕೂತು ನೋಡುತ್ತಿದ್ದ. "ಹೊರಗಿಂದ ಹಿಂಗ ಇತ್ತೇನಿದು? ನಾವು ಒಳಗ ಇದ್ವಿ, ಗೊತ್ತಾ ಆಗಲಿಲ್ಲ" ಎಂದು ತನ್ನಷ್ಟಕ್ಕೆ ನಗುತ್ತಿದ್ದ. ಕೀಲಿ ಯಾರಿಗೂ ಸಿಗದಿರಲೆಂದು ಅಡುಗೆಮನೆಯ ಜೋಳದ ಡಬ್ಬಿಯ ತಳದಲ್ಲಿ ಮುಚ್ಚಿಟ್ಟೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅಪ್ಪ ಗಂಗಾವತಿಗೆ ಫೋನು ಹಚ್ಚಿದ. "ಹಡಗ ಮನಿಗೆ ಬಂದೈತಿ."

"ಯಾವ ಹಡಗಪಾ?" ಚಾಚಾನ ದನಿ ಸ್ಪೀಕರಿನಲ್ಲಿ ಮಲಗಿದಂತೆಯೇ ಕೇಳಿತು.

"ನಮ್ಮದ. ತೋಪು, ಚಿಮಣಿ ಎಲ್ಲಾ ಅದಾವು. ನೋಡೂದು ಬ್ಯಾಡ, ಬಂದು ಮುಟ್ಟು."

ಆ ಕಡೆ ಮಂಚ ಕಿರುಗುಟ್ಟಿತು, ಎದ್ದು ಕೂತರೇನೋ. ಆಮೇಲೆ, "ಬನ್ನಿ ಹಬ್ಬಕ್ಕ ಬರ್ತೀನಿ" ಎಂದರು ಚಾಚಾ. ಎರಡು ವರ್ಷದಲ್ಲಿ ಅವರು ಹೊರಗೆ ಬರುತ್ತೇನೆ ಎಂದದ್ದು ಅದೇ ಮೊದಲು. ಅಪ್ಪ ಫೋನು ಇಟ್ಟವನು ನನ್ನ ಕಡೆ ತಿರುಗಿ, ಕಚೇರಿಯಲ್ಲಿ ರಜೆ ಕೇಳುವವರಂತೆ ಕೇಳಿದ: "ಅಂವಾ ಮುಟ್ಟಬಹುದಲ್ಲವ್ವಾ?" ಬಿಳಿ ಕೈಗವಸು ಹಾಕಿಕೊಂಡರೆ ಆಗಬಹುದು ಎಂದೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ನಮ್ಮ ಕಡೆ ಮಾನವಮಿಗೆ ಮುಂಚೆ ಮನೆ ತೊಳೆಯುವುದೆಂದರೆ ಸಾಮಾನ್ಯ ಕೆಲಸವಲ್ಲ. ಹಾಸಿಗೆ, ಕೌದಿ, ಅಟ್ಟದ ಹಂಡೆ, ಡಬ್ಬಿ, ಜರಡಿ, ದೇವರ ಸಾಮಾನು, ಮನೆಯಲ್ಲಿರುವ ಪ್ರತಿಯೊಂದೂ ಹೊರಗೆ ಬಂದು ನೀರು ಕಾಣಬೇಕು. ತೊಳೆಯದೆ ಒಂದು ಚಮಚ ಒಳಗೆ ಉಳಿದರೂ ಅವ್ವನಿಗೆ ಹಬ್ಬ ಹಿಡಿಸುವುದಿಲ್ಲ. ಮಾನವಮಿ ಅಮಾವಾಸ್ಯೆಯ ಹಿಂದಿನ ದಿನ ನಾನು ಕಚೇರಿಗೆ ಹೋಗಿದ್ದೆ. ಅಪ್ಪ ಕೌದಿಗಳನ್ನು ಹೊತ್ತುಕೊಂಡು ಕಾಲುವೆಗೆ ಹೋಗಿದ್ದ. ಅವ್ವ ಜೋಳದ ಡಬ್ಬಿ ಬರಿದು ಮಾಡಿದಳು. ಕೀಲಿ ಸಿಕ್ಕಿತು.

ಸಂಜೆ ಮನೆಗೆ ಬಂದು ನೋಡಿದರೆ ಹಿತ್ತಲ ಕಟ್ಟೆಯ ಮೇಲೆ ತಂಬಿಗೆ, ಸಮೆಯ ದೀಪ, ಆರತಿ ತಟ್ಟೆಗಳ ಸಾಲಿನ ಕೊನೆಯಲ್ಲಿ ನಮ್ಮ ಹಡಗು ಬೋರಲಾಗಿ ಬಿಸಿಲು ಕಾಯುತ್ತಿತ್ತು. ಬೂದು ಬಣ್ಣದ ಗುರುತಿಲ್ಲ. ಕೆಂಪು ಅಲ್ಲೊಂದು ಇಲ್ಲೊಂದು ಚಕ್ಕೆ. ಕೂವೆಕಂಬವಿಲ್ಲ, ಕಟಾಂಜನವಿಲ್ಲ. ಹೊಸ ಪಾತ್ರೆಯಂತೆ ಫಳಫಳ ಹೊಳೆಯುವ ಬರೀ ಲೋಹ.

"ಅವ್ವಾ!"

"ಯಾಕ ಹಂಗ ಒದರ್ತಿ? ನೋಡು ಹೆಂಗ ಬೆಳಗೀನಿ!" ಅವ್ವನ ಮುಖದಲ್ಲಿ ಹೆಮ್ಮೆ. "ಕೆಳಗಿನ ಪಂಖಾ ಹಿತ್ತಾಳಿದು ಛಲೋ ಹೊಳೀತಿತ್ತು. ಮ್ಯಾಲಿಂದೆಲ್ಲಾ ಕಿಲುಬು ಹಿಡದು ಬೂದಿ ಬಣ್ಣ ಆಗಿತ್ತು. ಎರಡ ಸಲ ಹುಣಸಿಹಣ್ಣು ಹಚ್ಚೀನಿ, ಹೋಗವಲ್ದು. ಆಮ್ಯಾಲ ಬೂದಿ, ತೆಂಗಿನ ನಾರು ತಗೊಂಡು ಗಸಗಸ ತಿಕ್ಕಿದೆ. ರಟ್ಟಿ ಸೋತ ಹೋದವು."

ನಾನು ಏನೇನು ಅಂದೆನೋ ದೇವರಿಗೇ ಗೊತ್ತು. ಅದು ಕಿಲುಬಲ್ಲ, ಬಣ್ಣ, ಸಂಗ್ರಹದ ವಸ್ತು, ನಂಬರು ಬರೆದದ್ದು, ಇನ್ನು ಅದಕ್ಕೆ ಕವಡೆ ಕಿಮ್ಮತ್ತಿಲ್ಲ ಎಂದೆಲ್ಲ ಕೂಗಾಡಿದೆ. ಪಕ್ಕದ ಕ್ವಾರ್ಟರ್ಸಿನವರು ಟಿವಿ ಸಣ್ಣದು ಮಾಡಿ ಕೇಳಿಸಿಕೊಂಡರು. ಅವ್ವ ಮೊದಲು ಜೋರು ಮಾಡಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಏನ ಬೇಕಂತ ಮಾಡಿದ್ನ್ಯಾ? ನಿಮ್ಮಪ್ಪನ ಹಡಗ ಮೈಲಿಗಿ ಇರಬಾರದಂತ ಮಾಡೀನಿ."

ಅಷ್ಟರಲ್ಲಿ ಅಪ್ಪ ಒದ್ದೆ ಕೌದಿ ಹೊತ್ತುಕೊಂಡು ಬಂದ. ಹಡಗು ನೋಡಿದ. ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ಇಷ್ಟೇ ಹೇಳಿದ: "ಅಂವಾ ಚಿಮಣಿ ಹಿಂದಿನ ಕಂಬಾ ಹುಡುಕತಾನ. ಸಿಗಲಿಲ್ಲಂದ್ರ ಸುಳ್ಳ ಹೇಳಿ ಕರಸಿದ್ರಿ ಅಂತಾನ. ಮತ್ತ ಮನಿ ಬಿಟ್ಟು ಬರೂದಿಲ್ಲ."

ಆ ಮಾತಿಗೆ ನನ್ನ ಸಿಟ್ಟು ಇಳಿಯಿತು. ನಾನು ಕೂಗಾಡಿದ್ದು ಬಣ್ಣಕ್ಕಾಗಿ, ಅವನ ಸಂಕಟ ಗೆಳೆಯನಿಗಾಗಿ. ಬನ್ನಿಗೆ ಇನ್ನು ಹನ್ನೊಂದು ದಿನ ಇತ್ತು.

ಮರುದಿನ ಬೆಳಿಗ್ಗೆ ಎದ್ದರೆ ಅವ್ವ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಪಾತ್ರೆ ತಿಕ್ಕಿದ ಬೂದಿಯನ್ನೆಲ್ಲ ಗುಡ್ಡೆ ಮಾಡಿ, ಹೊಸದಾಗಿ ತೊಳೆದಿಟ್ಟ ಹಿಟ್ಟಿನ ಜರಡಿಯಲ್ಲಿ ಸಾಣಿಸುತ್ತಿದ್ದಳು. ಒಂದು ತೋಪಿನ ನಳಿಗೆ ಸಿಕ್ಕಿತು. ಒಂದು ಲಂಗರು ಸಿಕ್ಕಿತು. ಅಕ್ಕಿಕಾಳಿನಷ್ಟು ದೋಣಿಯೊಂದು ತೆಂಗಿನ ನಾರಿನಲ್ಲೇ ಸಿಕ್ಕಿಕೊಂಡಿತ್ತು. ಕೂವೆಕಂಬ ಮಾತ್ರ ಸಿಗಲಿಲ್ಲ. "ನೀರಿನ ಜೋಡಿ ಮೋರಿಗೆ ಹೋಗೇತಿ" ಎಂದು ಅವ್ವ ಸಿಕ್ಕಿದ್ದನ್ನೆಲ್ಲ ಕುಂಕುಮದ ಭರಣಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ಅವಳ ಮೇಲೆ ಕೂಗಿದ್ದಕ್ಕೆ ನನಗೆ ಅಳು ಬಂತು. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ. ಚಹಾ ಮಾಡಿ ಕೊಟ್ಟೆ.

ಭರಣಿ, ಹಡಗು, ಹಡಗಿನ ಚಿತ್ರವಿದ್ದ ಡಬ್ಬಿ ಎಲ್ಲ ತೆಗೆದುಕೊಂಡು ಕಿನ್ನಾಳಕ್ಕೆ ಹೋದೆ. ಅಲ್ಲಿ ಮರದ ಗೊಂಬೆ ಮಾಡುವ ಮನೆಗಳಿವೆ. ನಾನು ಹೋದ ಮನೆಯ ಕಸುಬುದಾರನಿಗೆ ನನ್ನದೇ ವಯಸ್ಸು. ಗರುಡನ ರೆಕ್ಕೆಗೆ ಹಸಿರು ಬಳಿಯುತ್ತಿದ್ದವನು ಹಡಗನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡ. ಹಗುರ ಮರದಲ್ಲಿ ಕಂಬ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕೂರಿಸುತ್ತೇನೆ ಎಂದ. ಹುಣಸೆಹಣ್ಣು ಕಿತ್ತದ್ದನ್ನು ಹುಣಸೆ ಬೀಜ ಅಂಟಿಸುತ್ತದೆ ಎಂದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಬಣ್ಣದ ಮಾತು ಬಂದಾಗ ಮಾತ್ರ ಅವನ ಮುಖ ಸಣ್ಣದಾಯಿತು.

"ಇದೇನ ಬಣ್ಣರೀ ಅಕ್ಕಾರ, ಮೋಡ ಕವದಂಗ? ಬೂದಿ ಬಣ್ಣ ನಮ್ಮಲ್ಲಿ ಯಾರೂ ಹಚ್ಚೂದಿಲ್ರಿ."

"ಯುದ್ಧದ ಹಡಗಪಾ. ದೂರದಿಂದ ಕಾಣಬಾರದು."

"ಕಾಣಬಾರದ್ದನ್ನ ಯಾಕ ಮಾಡಬೇಕ್ರಿ?" ಅವನು ನಿಜವಾಗಿಯೂ ಕೇಳಿದ. "ಒಂದ ಹಳದಿ ಅಂಚು ಎಳೀಲೇನ್ರಿ? ಸಣ್ಣದು?"

"ಹಳದಿ ಬ್ಯಾಡ, ಹಸಿರು ಬ್ಯಾಡ, ಬಂಗಾರದ ಗೆರಿ ಬ್ಯಾಡ" ಎಂದು ಬೆರಳು ಮಡಿಚಿ ಹೇಳಿದೆ. ನೀರಿನ ಕೆಳಗಿನ ಭಾಗಕ್ಕೆ ಕೆಂಪು ಹಚ್ಚಬೇಕು ಎಂದಾಗ ಅವನಿಗೆ ಜೀವ ಬಂದಂತಾಯಿತು.

ಬನ್ನಿಯ ಹಿಂದಿನ ದಿನ ತರಲು ಹೋದೆ. ಸುಳ್ಳು ಹೇಳಬಾರದು, ಕೆಲಸ ಅಚ್ಚುಕಟ್ಟಾಗಿತ್ತು. ಕರಿ ಬಿಳಿ ಬೆರೆಸಿ ತಂದ ಬೂದು ಬಣ್ಣ ಮೊದಲಿನದಕ್ಕಿಂತ ಒಂದು ಎಳೆ ತಿಳಿಯಾಗಿತ್ತು, ಅಷ್ಟೇ. ಕೂವೆಕಂಬ ನೆಟ್ಟಗೆ ನಿಂತಿತ್ತು. ಕಟಾಂಜನಕ್ಕೆ ದಾರ ಬಿಗಿದಿದ್ದ. ಹಡಗನ್ನು ತಿರುಗಿಸಿದೆ. ಹಿಂಬದಿಯ ತುದಿಯಲ್ಲಿ, ಹಗ್ಗದ ಸುರುಳಿಯ ಮೇಲೆ, ಶೇಂಗಾಕಾಯಿಯಷ್ಟು ದೊಡ್ಡ ಇಬ್ಬರು ಮನುಷ್ಯರು ಕಾಲು ಇಳಿಬಿಟ್ಟು ಕೂತಿದ್ದರು. ಒಬ್ಬನಿಗೆ ಕೆಂಪು ರುಮಾಲು. ಇನ್ನೊಬ್ಬನಿಗೆ ಹಳದಿ. ಇಬ್ಬರಿಗೂ ಮೀಸೆ.

"ಇವ್ರ್ಯಾರು?"

"ಮಂದಿರೀ."

"ಯಾರ ಹೇಳಿದ್ರು ನಿನಗ ಮಂದಿ ಮಾಡಂತ? ಡಬ್ಬಿ ಮ್ಯಾಲಿನ ಚಿತ್ರದಾಗ ಒಬ್ಬರರ ಅದಾರೇನು? ಇದರ ಅಳತಿ ಲೆಕ್ಕಕ್ಕ ಇವ್ರು ಎರಡಂತಸ್ತಿನ ಮನಿ ಎತ್ತರ ಆಗತಾರ!"

ಅವನು ಹೆದರಲಿಲ್ಲ. "ಆಳಿಲ್ಲದ ಬಂಡಿ, ಆಳಿಲ್ಲದ ಕುದರಿ ನಮ್ಮ ಮನಿಯಿಂದ ಹೊರಗ ಕೊಡೂದಿಲ್ರಿ ಅಕ್ಕಾರ. ನಮ್ಮಪ್ಪನೂ ಕೊಡತಿದ್ದಿಲ್ಲ. ಇಷ್ಟ ದೊಡ್ಡ ಹಡಗ ಖಾಲಿ ಕೊಡಲೇನ್ರಿ?"

"ಹಂಗಾದ್ರ ಒಬ್ಬನ್ನ ಮಾಡಬೇಕಿತ್ತು. ಇಬ್ಬರ್ಯಾಕ?"

"ಒಬ್ಬನ್ನ ಕೂಡಿಸಿದ್ರ ಅವಗ ಬ್ಯಾಸರಾಗತೈತ್ರಿ."

ಕೀಳು ಎಂದೆ. ಅಂಟು ಕಲ್ಲಾಗಿದೆ, ಕಿತ್ತರೆ ಬಣ್ಣವೂ ಜೊತೆಗೇ ಏಳುತ್ತದೆ, ನಿಧಾನವಾಗಿ ನೆನೆಸಿ ತೆಗೆಯಲು ಎರಡು ದಿನ ಬೇಕು ಎಂದ. ನನ್ನ ಹತ್ತಿರ ಒಂದೇ ದಿನ ಇತ್ತು. ಹಲ್ಲು ಕಚ್ಚಿಕೊಂಡು ಹಾಗೆಯೇ ತಂದೆ. ಹಬ್ಬ ಮುಗಿಯಲಿ, ಈ ಮೀಸೆಯವರಿಗೆ ಮಾಡುತ್ತೇನೆ ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಮನೆಯಲ್ಲಿ ಅಪ್ಪ ಕಂಬವನ್ನು ನೋಡಿ ನಕ್ಕ. ಹಿಂಬದಿಯನ್ನು ಮಾತ್ರ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ನನ್ನ ಹಾಗೆ ಅವನಿಗೂ ಬೇಸರವಾಗಿದೆ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಗೇಟಿನ ಮುಂದೆ ಟಂಟಂ ಆಟೋ ನಿಂತಿತು. ಸೊಸೆಯ ಭುಜ ಹಿಡಿದು ಚಾಚಾ ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅತ್ತರಿನ ವಾಸನೆ. ಬಹಳ ಇಳಿದುಹೋಗಿದ್ದರು. ಅಪ್ಪ ಓಡಿಹೋಗಿ ಬನ್ನಿ ಎಲೆಯನ್ನು ಅವರ ಅಂಗೈಯಲ್ಲಿಟ್ಟ. "ಬಂಗಾರ ಆಮ್ಯಾಲ ದೋಸ್ತ, ಮೊದಲು ಹಡಗ" ಎಂದರು ಚಾಚಾ. ಎಲೆ ಮಾತ್ರ ಜೋಪಾನವಾಗಿ ಕಿಸೆಗೆ ಹಾಕಿಕೊಂಡರು.

ಹಡಗನ್ನು ಮೇಜಿನ ಮೇಲಿಟ್ಟೆ. ಬಿಳಿ ಕೈಗವಸು ನನ್ನ ಕೈಯಲ್ಲೇ ಇತ್ತು. ಚಾಚಾನ ಬೆರಳುಗಳನ್ನು ನೋಡಿದೆ. ಮೂವತ್ತು ವರ್ಷ ಪಂಪು ಬಿಚ್ಚಿ ಜೋಡಿಸಿದ ಬೆರಳುಗಳು, ಗಾಳಿಯಲ್ಲಿ ತಡವರಿಸುತ್ತಿದ್ದವು. ಕೈಗವಸನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅವ್ವ ನನ್ನ ಕೈಯಿಂದ ಅದನ್ನು ಮೆಲ್ಲಗೆ ಕಿತ್ತುಕೊಂಡು ಅಡುಗೆಮನೆಗೆ ಒಯ್ದಳು.

ಚಾಚಾ ಮೂತಿಯಿಂದ ಶುರುಮಾಡಿದರು. "ಲಂಗರು... ಮುಂದಿನ ತೋಪು... ಇದು ಸಾಹೇಬರು ನಿಂದರೂದು." ಬೆರಳು ಚಿಮಣಿಗೆ ಬಂದಾಗ ಅಂಗೈ ಪೂರ್ತಿ ಅದರ ಮೇಲಿಟ್ಟರು. "ಬಿಸೀನ ಇಲ್ಲಲೋ! ಬಾಯ್ಲರ್ ಮುಂದ ಯಾರ ಅದಾರ? ಮಲಕ್ಕೊಂಡಾರೇನು?"

"ನೀನ ಎರಡು ವರ್ಷ ಮಲಕ್ಕೊಂಡೀದಿ" ಎಂದ ಅಪ್ಪ.

ಚಾಚಾನ ಸೊಸೆ ಗಾಬರಿಯಾಗಿ ನನ್ನ ಮುಖ ನೋಡಿದಳು. ಚಾಚಾ ಮಾತ್ರ ಗಹಗಹಿಸಿ ನಕ್ಕರು. ಬೆರಳು ಚಿಮಣಿಯ ಹಿಂದೆ ಸರಿಯಿತು, ಕೂವೆಕಂಬ ಸಿಕ್ಕಿತು. ಬಾಗಿಲಲ್ಲಿ ನಿಂತಿದ್ದ ಅವ್ವ ದೇವರ ಕೋಣೆಯ ಕಡೆ ಕೈಮುಗಿದಳು. ಬೆರಳು ಇನ್ನೂ ಹಿಂದೆ ಹೋಯಿತು. ಆ ಮೀಸೆಯವರ ಹತ್ತಿರ ಬಂದು ನಿಂತಿತು.

ಒಬ್ಬನ ತಲೆ ಮುಟ್ಟಿದರು. ಇನ್ನೊಬ್ಬನ ತಲೆ. ಇಳಿಬಿಟ್ಟ ಕಾಲುಗಳು. ಕೆಳಗಿನ ಹಗ್ಗದ ಸುರುಳಿ. ಮತ್ತೆ ಎರಡು ತಲೆಗಳು.

"ಇದನ್ನ ಯಾರಿಗೆ ಹೇಳಿದ್ಯೋ?" ಎಂದರು ಚಾಚಾ. ದನಿ ಬೇರೆಯಾಗಿತ್ತು.

"ಯಾರಿಗೂ ಹೇಳಿಲ್ಲ" ಎಂದ ಅಪ್ಪ. "ನಾನೂ ನಿನ್ನೇನ ನೋಡಿದ್ದು."

ಆಗ ಹೊರಬಿತ್ತು, ಇಷ್ಟು ವರ್ಷ ಸೆಕೆಯ ಕಥೆಯ ಹಿಂದೆ ಇದ್ದದ್ದು. ಬಾಯ್ಲರ್ ಮುಂದಿನ ಪಾಳಿ ಮುಗಿದರೆ ಇಬ್ಬರೂ ಏಣಿ ಹತ್ತಿ ಹಡಗಿನ ಹಿಂದಿನ ತುದಿಗೆ ಹೋಗುತ್ತಿದ್ದರಂತೆ. ಆ ಹಗ್ಗದ ಸುರುಳಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಒಂದೇ ಮಗ್ಗಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರಂತೆ. ಯುದ್ಧದ ದಿನಗಳಲ್ಲಿ ಇಳಿಯುವಾಗ ಇಬ್ಬರೂ ಆ ಹಗ್ಗವನ್ನೊಮ್ಮೆ ಮುಟ್ಟಿ ಇಳಿಯುತ್ತಿದ್ದರಂತೆ, ಮತ್ತೆ ಮೇಲೆ ಬರುತ್ತೇವೆ ಎಂದು.

"ಅಲ್ಲಿ ಕುಂತು ಏನ ಮಾತಾಡತಿದ್ರಿ ಚಾಚಾ?" ಎಂದೆ.

"ರೊಟ್ಟಿ" ಎಂದರು ಇಬ್ಬರೂ ಒಟ್ಟಿಗೆ.

ಚಾಚಾ ಎಡಗಡೆಯವನ ತಲೆಯ ಮೇಲೆ ಬೆರಳಿಟ್ಟರು. "ಇಂವಾ ನಾನು. ಬೇಟಿ, ಇವರನ್ನ ಮಾಡಿದಾಂವ ಯಾರು? ಅವಗ ಹೆಂಗ ಗೊತ್ತಾತು ಇಬ್ಬರಂತ?"

"ಗೊತ್ತಿಲ್ಲ ಚಾಚಾ ಅವಗ. ಕಿನ್ನಾಳದಾಂವ. ಒಬ್ಬನ್ನ ಕೂಡಿಸಿದ್ರ ಅವಗ ಬ್ಯಾಸರಾಗತೈತಿ ಅಂದ."

ಚಾಚಾ ತಲೆ ಬಗ್ಗಿಸಿದರು. ಅವರ ಕೈ ಹಡಗು ಬಿಟ್ಟು ಮೇಜಿನ ಮೇಲೆ ತಡಕಾಡಿತು. ಅಪ್ಪ ತನ್ನ ಕೈ ಕೊಟ್ಟ. ನಾನು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಚೆನ್ನಾಗಿ ಅತ್ತೆ. ಅವ್ವ ಬಿಳಿ ಕೈಗವಸು ಹಾಕಿಕೊಂಡು ಬಿಸಿ ಪಾತ್ರೆ ಇಳಿಸುತ್ತಿದ್ದಳು. "ಭಾಳ ಛಲೋ ಅದಾವು ಇವು, ಕೈ ಸುಡೂದಿಲ್ಲ" ಎಂದಳು. ಅಳುತ್ತಲೇ ನಕ್ಕೆ.

ಹೊರಡುವಾಗ ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟರು. "ಪೆಟಿಗಿಗೆ ಕೀಲಿ ಹಾಕಬ್ಯಾಡ ಬೇಟಿ." ಅಪ್ಪನ ಕಡೆ ಮುಖ ತಿರುಗಿಸಿ, "ಬುಧವಾರ ಬರ್ತೀನಿ. ನಿನ್ನ ಒಬ್ಬನ್ನ ಬಿಟ್ರ ನಿನಗ ಬ್ಯಾಸರಾಗತೈತಿ" ಎಂದರು.

ಬುಧವಾರ ಹತ್ತು ಗಂಟೆಗೆಲ್ಲ ಟಂಟಂ ಸದ್ದಾಯಿತು. ಒಳಗೆ ಬಂದ ಚಾಚಾ ಕುರ್ಚಿ ಕೇಳಲಿಲ್ಲ, ನೀರು ಕೇಳಲಿಲ್ಲ. ನೇರ ಷೋಕೇಸಿನ ಹತ್ತಿರ ಹೋಗಿ ಕೈ ಚಾಚಿ, ಹಡಗಿನ ಹಿಂದಿನ ತುದಿಯನ್ನು ಬೆರಳಿನಿಂದ ಹುಡುಕಿದರು.

"ಇಬ್ಬರೂ ಅದಾರ" ಎಂದು ಅಪ್ಪನಿಗೆ ಹೇಳಿ, ಆಮೇಲೆ ಕೂತರು.